ಜಿಪ್ಸಿಯ ಟೆಂಪರೇಚರ್ ಮುಳ್ಳು, ಆಯಿಲ್ ಗೇಜ್ ಮತ್ತು ಒಂದು ಹಲಸಿನ ಹಲಗೆ

ಗಾಡಿ 1998ರ ಮಾರುತಿ ಜಿಪ್ಸಿ ಕಿಂಗ್. 1298 ಸಿಸಿ, ಕಾರ್ಬ್ಯುರೇಟರ್ ಎಂಜಿನ್, ಸಾಫ್ಟ್ ಟಾಪ್. ಓಡಾಟ ಮಡಿಕೇರಿ ಸುತ್ತಮುತ್ತ. ತೋಟದ ದಾರಿ, ಸಂತೆಗೆ ಕುಶಾಲನಗರ, ಆಗಾಗ ಸಂಪಾಜೆ ಘಾಟಿ ಇಳಿದು ಸುಳ್ಯ. ಕೆಲಸ ಮುಗಿದಿದೆ, ಒಂದೆರಡು ಸಣ್ಣಪುಟ್ಟದ್ದು ಬಾಕಿ. ಹಳೇ ಗಾಡಿ ಇಟ್ಟುಕೊಂಡ ಗೆಳೆಯರು ಇದರ ಬಗ್ಗೆ ಕೇಳುತ್ತಲೇ ಇದ್ದಾರೆ, ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಶುರುವಿನಲ್ಲಿ ಇದ್ದ ದೂರುಗಳು ಇಷ್ಟು. ಟೆಂಪರೇಚರ್ ಮುಳ್ಳು ಕಾಲು ಭಾಗ ದಾಟುತ್ತಲೇ ಇರಲಿಲ್ಲ, ಘಾಟಿ ಹತ್ತಿದರೂ ಅಷ್ಟೇ, ಇಳಿದರೂ ಅಷ್ಟೇ. ಹೆಡ್‌ಲೈಟ್ ಹಾಕಿದರೆ ಮಾತ್ರ ಅದು ಮೇಲೆ ಏರುತ್ತಿತ್ತು, ಜೊತೆಗೆ ಪೆಟ್ರೋಲ್ ಮುಳ್ಳೂ ಏರುತ್ತಿತ್ತು. ಲೈಟ್ ಹಾಕಿದರೆ ಪೆಟ್ರೋಲ್ ಹುಟ್ಟುವ ಗಾಡಿ ಇದು, ಮಾರಬೇಡ ಅಂತ ಹಾಸನದ ಗೆಳೆಯ ನಗಾಡುತ್ತಿದ್ದ. ಮೂರನೆಯದು ದೂರಲ್ಲ, ಆಸೆ. ಜಿಪ್ಸಿಯಲ್ಲಿ ಆಯಿಲ್ ಪ್ರೆಶರ್‌ಗೆ ಇರುವುದು ಒಂದು ಕೆಂಪು ದೀಪ ಮಾತ್ರ. ಪ್ರೆಶರ್ ಹೆಚ್ಚುಕಡಿಮೆ ಸೊನ್ನೆಗೆ ಬಂದ ಮೇಲೆ ಅದು ಹೊತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಬೇರಿಂಗ್ ಕಥೆ ಮುಗಿದಿರುತ್ತದೆ. ಒಂದು ಸರಿಯಾದ ಗೇಜ್ ಬೇಕಿತ್ತು.

1. ಬಲ್ಬ್ ಪರೀಕ್ಷೆ

ಮೀಟರ್ ಬೋರ್ಡ್ ಬಿಚ್ಚುವ ಮೊದಲು ಇದನ್ನು ಮಾಡಿ. ಒಂದು 12 ವೋಲ್ಟ್, 3.4 ವ್ಯಾಟ್‌ನ ಸಣ್ಣ ಬಲ್ಬ್, ಅದಕ್ಕೆ ಎರಡು ವೈರ್. ಟೆಂಪರೇಚರ್ ಸೆನ್ಸಾರ್ ಇರುವುದು ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ. ಅದರ ವೈರ್ ಕಳಚಿ (ನನ್ನ ಗಾಡಿಯಲ್ಲಿ ಹಳದಿ-ಬಿಳಿ ವೈರ್) ಬಲ್ಬ್ ಮೂಲಕ ಎಂಜಿನ್‌ಗೆ ಮುಟ್ಟಿಸಬೇಕು. ಇಗ್ನಿಷನ್ ಆನ್ ಇರಬೇಕು. ಮುಳ್ಳು H (ಬಿಸಿ) ಕಡೆ ಏರಿದರೆ ಗೇಜ್ ಮತ್ತು ವೈರ್ ಎರಡೂ ಚೆನ್ನಾಗಿವೆ ಎಂದರ್ಥ. ಬಲ್ಬ್ ಇಲ್ಲದೆ ನೇರ ಬಾಡಿಗೆ ಮುಟ್ಟಿಸುವವರು ಬಹಳ ಜನ. ಒಂದು ಕ್ಷಣಕ್ಕೆ ಏನೂ ಆಗುವುದಿಲ್ಲ, ಆದರೆ ಮರೆತು ಹಿಡಿದುಕೊಂಡು ನಿಂತರೆ ಗೇಜ್ ಒಳಗಿನ ಕಾಯಿಲ್ ಸುಡುತ್ತದೆ.

ಮುಳ್ಳು ಏರಿತು. ಅಂದರೆ ಗೇಜ್ ಸರಿ, ಸೆನ್ಸಾರ್ ಹೋಗಿದೆ ಅಂತ ತೀರ್ಮಾನಿಸಿ ಹೊಸ ಸೆನ್ಸಾರ್ ತಂದೆ, 280 ರೂಪಾಯಿ. ಹಾಕಿದೆ. ಮುಳ್ಳು ಮತ್ತೆ ಅದೇ ಕಾಲು ಭಾಗಕ್ಕೆ ಬಂದು ಕುಳಿತುಕೊಂಡಿತು.

2. ಪಾತ್ರೆಯ ನೀರು

ಹೊಸ ಸೆನ್ಸಾರ್ ತರುವ ಮೊದಲೇ ಈ ಹಂತ ಆಗಬೇಕಿತ್ತು. ಸೆನ್ಸಾರ್ ತಲೆಗೆ ಮಲ್ಟಿಮೀಟರಿನ ಒಂದು ವೈರ್, ಅದರ ಲೋಹದ ಮೈಗೆ ಇನ್ನೊಂದು. ನೀರಲ್ಲಿ ಥ್ರೆಡ್ ತನಕ ಮುಳುಗಿಸಿ, ಪಕ್ಕದಲ್ಲಿ ಥರ್ಮಾಮೀಟರ್, ಕೆಳಗೆ ಸಣ್ಣ ಉರಿ. ತಳಕ್ಕೆ ತಾಗದ ಹಾಗೆ ದಾರದಲ್ಲಿ ಇಳಿಬಿಡಬೇಕು, ಇಲ್ಲದಿದ್ದರೆ ಪಾತ್ರೆಯ ಬಿಸಿಯನ್ನು ಅಳೆದ ಹಾಗಾಗುತ್ತದೆ. ಬಿಸಿ ಏರಿದಂತೆ ಓಂ (ಕರೆಂಟಿಗೆ ಇರುವ ತಡೆಯ ಅಳತೆ) ಇಳಿಯುತ್ತದೆ. 50 ಡಿಗ್ರಿಯಲ್ಲಿ ಹೊಸದು 152 ಓಂ, ಹಳೆಯದು 158. 80ರಲ್ಲಿ 52 ಮತ್ತು 54. ಮಡಿಕೇರಿ ಎತ್ತರದಲ್ಲಿದೆ, ಇಲ್ಲಿ ನೀರು 100ಕ್ಕೆ ಹೋಗುವುದಿಲ್ಲ, 96ರ ಹತ್ತಿರವೇ ಕುದಿಯುತ್ತದೆ. ಹಾಗಾಗಿ ಕುದಿಯುವ ನೀರನ್ನು 100 ಅಂತ ಲೆಕ್ಕ ಹಿಡಿದು ಪುಸ್ತಕದ ಅಂಕಿಗೆ ಹೋಲಿಸಬೇಡಿ. ಕುದಿಯುವಾಗ ಎರಡೂ 31, 32ರ ಆಸುಪಾಸು.

ಎರಡಕ್ಕೂ ವ್ಯತ್ಯಾಸವೇ ಇಲ್ಲ. ಹಳೇ ಸೆನ್ಸಾರ್ ಗಟ್ಟಿಮುಟ್ಟಾಗಿತ್ತು, 280 ರೂಪಾಯಿ ದಂಡ. ಹೊಸದು ಈಗ ಡಬ್ಬದಲ್ಲಿದೆ, ಯಾರಿಗಾದರೂ ಬೇಕಾದರೆ ಹೇಳಿ.

3. ಅರ್ತ್

ಸೆನ್ಸಾರ್ ವಿಷಯವನ್ನು ಪಕ್ಕಕ್ಕಿಟ್ಟು ಹೆಡ್‌ಲೈಟ್ ಕಡೆ ಹೋದೆ. ಎರಡು ಮುಳ್ಳು ಒಟ್ಟಿಗೆ ಏರುತ್ತಿವೆ ಅಂದರೆ ಎರಡಕ್ಕೂ ಸೇರಿದ್ದು ಏನೋ ಕೆಟ್ಟಿದೆ ಅಂತ ಮಂಗಳೂರಿನ ಗೆಳೆಯ ಫೋನಿನಲ್ಲಿ ಹೇಳಿದ, ಅವನದೂ ಜಿಪ್ಸಿ. ಪ್ರತ್ಯೇಕ ಎರಡು ಗೇಜ್ ಒಂದೇ ದಿನ ಒಂದೇ ರೀತಿ ಕೆಡುವುದು ಅಪರೂಪ, ಅಲ್ವಾ? ಎರಡಕ್ಕೂ ಸೇರಿದ್ದು ಅಂದರೆ ಅರ್ತ್, ಕರೆಂಟ್ ಬಾಡಿ ಮೂಲಕ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ.

ಅಳೆಯುವ ರೀತಿ ಸುಲಭ. ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ವೈರ್ ಬ್ಯಾಟರಿ ನೆಗೆಟಿವ್ ಮೇಲೆ, ಕೆಂಪು ವೈರ್ ಮೀಟರ್ ಬೋರ್ಡಿನ ಅರ್ತ್ ವೈರಿಗೆ. ಹೆಡ್‌ಲೈಟ್ ಹಾಕಿ ನೋಡಿ. ನನ್ನದರಲ್ಲಿ 0.8 ವೋಲ್ಟ್ ಬಂತು. 0.1ರ ಒಳಗಿದ್ದರೆ ಚೆನ್ನ. ಡ್ಯಾಶ್ ಕೆಳಗೆ ಅರ್ತ್ ವೈರ್ ಬಾಡಿಗೆ ಸೇರುವ ಸ್ಕ್ರೂ ಹುಡುಕಲು ತಲೆಕೆಳಗಾಗಿ ಮಲಗಬೇಕಾಯಿತು, ಅದರ ಸುತ್ತ ಹಸಿರು ಕಿಲುಬು, ಅಡಿಯಲ್ಲಿ ತುಕ್ಕು. ಇಲ್ಲಿನ ಮಳೆಗಾಲಕ್ಕೆ ಸಾಫ್ಟ್ ಟಾಪ್ ಗಾಡಿ ಒಳಗೆ ಒಣಗಿದ ಜಾಗವೇ ಇರುವುದಿಲ್ಲ. ಎಮರಿ ಪೇಪರಿನಲ್ಲಿ ಹೊಳೆಯುವ ತನಕ ತಿಕ್ಕಿ, ಹೊಸ ರಿಂಗ್ ಲಗ್ ಹಾಕಿ, ಮೇಲೆ ಸ್ವಲ್ಪ ವ್ಯಾಸಲಿನ್ ಹಚ್ಚಿದೆ. ಜೊತೆಗೆ 2.5 ಸ್ಕ್ವೇರ್ ಎಂಎಂ ವೈರ್ ಒಂದನ್ನು ಅಲ್ಲಿಂದ ನೇರ ಬ್ಯಾಟರಿ ನೆಗೆಟಿವ್‌ಗೆ ಎಳೆದೆ. ಈಗ 0.04 ವೋಲ್ಟ್. ಹೆಡ್‌ಲೈಟ್ ಹಾಕಿದರೆ ಮುಳ್ಳುಗಳು ಅಲುಗಾಡುವುದಿಲ್ಲ. ಪೆಟ್ರೋಲ್ ಹುಟ್ಟುವುದೂ ನಿಂತಿತು!

ಪೆಟ್ರೋಲ್ ಗೇಜನ್ನು ಬೇರೆಯಾಗಿ ಮುಟ್ಟಲೇ ಇಲ್ಲ. ಟ್ಯಾಂಕ್ ಸೆನ್ಸಾರಿನಲ್ಲಿ ಖಾಲಿ ಇದ್ದಾಗ 110 ಓಂ ಹತ್ತಿರ, ತುಂಬಿಸಿದ ಮೇಲೆ 3 ಓಂ. ಸರಿಯಾಗಿಯೇ ಇದೆ.

4. ಥರ್ಮೋಸ್ಟಾಟ್ ಮನೆ ಖಾಲಿ

ಗೇಜ್ ಸರಿ, ಸೆನ್ಸಾರ್ ಸರಿ, ಅರ್ತ್ ಸರಿ. ಆದರೂ ಮುಳ್ಳು ಕಾಲು ಭಾಗ. ಹಾಗಾದರೆ ಮುಳ್ಳು ಹೇಳುತ್ತಿರುವುದೇ ನಿಜ ಇರಬಹುದಲ್ಲ, ಎಂಜಿನ್ನೇ ತಣ್ಣಗಿರಬಹುದಲ್ಲ ಅಂತ ಅನಿಸಿದ್ದು ಆಗ. ಹೀಟರ್ ಯಾವಾಗಲೂ ಉಗುರುಬೆಚ್ಚಗೆ ಬರುತ್ತಿತ್ತು. ಹಳೇ ಗಾಡಿ, ಇಷ್ಟೇ ಅಂದುಕೊಂಡಿದ್ದೆ.

1,100 ರೂಪಾಯಿಗೆ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ತರಿಸಿದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ತಪ್ಪು ತೋರಿಸುತ್ತದೆ, ಅಲ್ಲಿ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದಕ್ಕೆ ಗುರಿ ಇಟ್ಟರೆ ನಂಬಬಹುದು. ಕುಶಾಲನಗರದಿಂದ ಬಂದು ನಿಲ್ಲಿಸಿದ ಕೂಡಲೇ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ಹೌಸಿಂಗ್ ಮೇಲೆ 62 ಡಿಗ್ರಿ. 80ರ ಮೇಲೆ ಇರಬೇಕಾದ ಜಾಗ.

ಎಂಜಿನ್ ಪೂರ್ತಿ ಆರಿದ ಮೇಲೆ ಹೌಸಿಂಗ್‌ನ ಎರಡು ಬೋಲ್ಟ್ ಬಿಚ್ಚಿದೆ. ಬಿಸಿ ಇರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ. ಒಂದು ಬೋಲ್ಟ್ ಬರಲಿಲ್ಲ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಟ್ಟು ಬೆಳಿಗ್ಗೆ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಹೀಗೆ ಆಡಿಸಿ ಆಡಿಸಿ ತೆಗೆದದ್ದು. ಮುಚ್ಚಳ ಎತ್ತಿದರೆ ಒಳಗೆ ಏನೂ ಇಲ್ಲ. ಥರ್ಮೋಸ್ಟಾಟ್ ಕೂರುವ ಜಾಗ ಬರಿದು.

ಇದು ನಮ್ಮ ಕಡೆ ಮಾಮೂಲಿ. ಗಾಡಿ ಹೀಟ್ ಆಗುತ್ತದೆ ಅಂತ ಹೋದರೆ ಮೊದಲ ಔಷಧ ಇದೇ. ‘ಸಾರ್, ವಾಲ್ವ್ ತೆಗೆದುಬಿಟ್ಟರೆ ಗಾಡಿ ತಂಪಾಗಿರುತ್ತದೆ, ನಮ್ಮ ಊರಿಗೆ ಅದು ಬೇಡ’ ಅಂತ ಹೇಳುವ ಮಿಸ್ತ್ರಿಗಳು ಪ್ರತಿ ಊರಲ್ಲೂ ಇದ್ದಾರೆ. ಗಾಡಿ ತಂಪಾಗಿರುತ್ತದೆ, ನಿಜ. ಅದರ ಜೊತೆಗೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೆಳಗಿನ ಹೊತ್ತು ಚೋಕ್ ಬಿಟ್ಟರೆ ಎಂಜಿನ್ ಆಫ್, ಆಯಿಲ್ ಬಿಸಿಯಾಗದೆ ನೀರಿನ ಅಂಶ ಒಳಗೇ ಉಳಿದು ಫಿಲ್ಲರ್ ಮುಚ್ಚಳದ ಅಡಿಯಲ್ಲಿ ಬೆಣ್ಣೆಯಂಥ ಹಳದಿ ಕೆಸರು ಕಟ್ಟುತ್ತದೆ. ನನ್ನ ಗಾಡಿಯಲ್ಲಿ ಇವೆಲ್ಲವೂ ಇದ್ದವು.

ಹೊಸ ಥರ್ಮೋಸ್ಟಾಟ್ 350, ಪ್ಯಾಕಿಂಗ್ 40. ಮೇಲೆ 82 ಅಂತ ಕೆತ್ತಿದೆ. ಈ ಸಲ ಬುದ್ಧಿ ಬಂದಿತ್ತು, ಹಾಕುವ ಮೊದಲೇ ಅದೇ ಪಾತ್ರೆಗೆ ಇಳಿಸಿದೆ. 82 ದಾಟುವಾಗ ಬಾಯಿ ಬಿಡಲು ಶುರು, ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದಿತ್ತು. ಗಾಳಿ ಹೋಗಲು ಇರುವ ಸಣ್ಣ ತೂತು ಮೇಲಕ್ಕೆ ಬರುವ ಹಾಗೆ ಕೂರಿಸಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು ಕೂಲಂಟ್ ತುಂಬುವುದೇ ಒಂದು ಗೋಳು.

ಮುಳ್ಳು ಅರ್ಧಕ್ಕೆ ಸ್ವಲ್ಪ ಕೆಳಗೆ ಬಂದು ನಿಂತಿತು. ಹೀಟರ್‌ನಲ್ಲಿ ಬಿಸಿ ಗಾಳಿ.

5. ಸಂಪಾಜೆ ಘಾಟಿ ಮತ್ತು ರೇಡಿಯೇಟರ್

ಅಲ್ಲಿಗೆ ಮುಗಿಯಲಿಲ್ಲ. ಸುಳ್ಯದಿಂದ ವಾಪಸ್ ಬರುವಾಗ ಸಂಪಾಜೆ ದಾಟಿ ಏರು ಶುರುವಾದ ಮೇಲೆ ಮುಳ್ಳು ನಿಧಾನವಾಗಿ ಮೇಲೆ ಹೋಯಿತು. ಮುಂದೆ ಟ್ಯಾಂಕರ್, ಎರಡನೇ ಗೇರ್, ಮುಕ್ಕಾಲು ಭಾಗ ದಾಟಿತು. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಹೀಟರ್ ಪೂರ್ತಿ ಹಾಕಿ, ಬಾನೆಟ್ ಎತ್ತಿದೆ. ಇಳಿಯಿತು.

ಆಗ ಪೂರ್ತಿ ಕಥೆ ತಿಳಿಯಿತು. ಹಿಂದಿನವರ ಕೈಯಲ್ಲಿ ರೇಡಿಯೇಟರ್ ಕಟ್ಟಿಕೊಂಡಿದೆ, ಗಾಡಿ ಹೀಟ್ ಆಗಿದೆ, ಯಾರೋ ಥರ್ಮೋಸ್ಟಾಟ್ ಕಿತ್ತೆಸೆದಿದ್ದಾರೆ. ರೋಗ ಹಾಗೇ ಉಳಿದು ಗೇಜ್ ಮಾತ್ರ ಕೆಳಗೆ ಕುಳಿತಿತ್ತು. ಥರ್ಮಾಮೀಟರ್ ಗನ್ ಇಲ್ಲಿ ಮತ್ತೆ ಕೆಲಸಕ್ಕೆ ಬಂತು. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮೇಲೆ ಸಾಲಾಗಿ ಗುರಿ ಇಟ್ಟು ಹೋದರೆ ನೀರು ಹರಿಯುವ ಕಡೆ ಬಿಸಿ, ಕಟ್ಟಿದ ಕಡೆ ತಣ್ಣಗೆ. ನನ್ನದರಲ್ಲಿ ಒಂದು ಬದಿ 78, ಇನ್ನೊಂದು ಬದಿಯ ಕೆಳ ಮೂಲೆ 41.

ಮೈಸೂರಿನಲ್ಲಿ ರೇಡಿಯೇಟರ್ ರಾಡಿಂಗ್ ಮಾಡಿಸಿದೆ, 1,200. ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ, ಒಂದೊಂದೇ ಟ್ಯೂಬಿಗೆ ಪಟ್ಟಿ ತೂರಿಸಿ ಕೆರೆಯುತ್ತಾರೆ. ಹೊರಗೆ ಬಂದ ಮಣ್ಣು ನೋಡಿದರೆ ಇಷ್ಟು ದಿನ ಬಾವಿ ನೀರು ಮಾತ್ರ ಹಾಕಿದ್ದಾರೆ ಅಂತ ಗೊತ್ತಾಗುತ್ತಿತ್ತು. ಕೂಲಂಟ್ 450. ಇದು ಹಳೇ ಹಿತ್ತಾಳೆ-ತಾಮ್ರದ ರೇಡಿಯೇಟರ್‌ಗೆ ಆಗುವ ಕೆಲಸ. ನಿಮ್ಮದರಲ್ಲಿ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಟ್ಯಾಂಕ್ ಇದ್ದರೆ ಹೊಸದು ಹಾಕಿಸುವುದೇ ದಾರಿ.

ಈಗ ಅದೇ ಏರಿನಲ್ಲಿ ಅರ್ಧಕ್ಕಿಂತ ಒಂದು ಗೆರೆ ಮೇಲೆ. ಸಾಕು.

6. ಆಯಿಲ್ ಪ್ರೆಶರ್ ಗೇಜ್

ಅತಿ ಹೆಚ್ಚು ತಲೆ ತಿಂದದ್ದು ಇದು, ಅತಿ ಹೆಚ್ಚು ಸಲಹೆ ಬಂದದ್ದೂ ಇದಕ್ಕೇ.

ಮೆಕ್ಯಾನಿಕಲ್ ಹಾಕು, ಸಣ್ಣ ಟ್ಯೂಬಿನಲ್ಲಿ ಆಯಿಲ್ಲೇ ಗೇಜ್ ತನಕ ಬರುತ್ತದೆ, ವೈರಿನ ರಗಳೆ ಇಲ್ಲ ಅಂತ ಹಾಸನದವನು. ಅವನು ಹೇಳುವುದು ಸರಿ, ಲೆಕ್ಕವೂ ಸರಿಯಾಗಿ ತೋರಿಸುತ್ತದೆ. ಆದರೆ ತೋಟದ ದಾರಿಯ ಕುಲುಕಾಟಕ್ಕೆ ನೈಲಾನ್ ಟ್ಯೂಬ್ ಎಲ್ಲೋ ತಿಕ್ಕಿ ತೂತಾದರೆ ಸುಡುವ ಆಯಿಲ್ ಕಾಲ ಮೇಲೆ ಬರುತ್ತದೆ. ನನಗೆ ಅದು ಬೇಡವಾಗಿತ್ತು. ಎಲೆಕ್ಟ್ರಿಕ್ ಅಂತ ತೀರ್ಮಾನ.

ಸೆನ್ಸಾರ್ ಮೊದಲು ತಂದೆ, 5 ಬಾರ್ (ಪ್ರೆಶರ್‌ನ ಅಳತೆ) ತನಕ ಅಳೆಯುವಂಥದ್ದು, 1,100 ರೂಪಾಯಿ. ಗೇಜ್ ದುಬೈನಲ್ಲಿರುವ ಗೆಳೆಯ ಪುಕ್ಕಟೆ ಕೊಟ್ಟಿದ್ದ, ಅಲ್ಲಿ ಯಾವುದೋ ಅಮೆರಿಕನ್ ಪಿಕಪ್‌ಗೆ ಕೊಂಡು ಹಾಕದೆ ಉಳಿದದ್ದು. ಮೇಜಿನ ಮೇಲೆ ಬ್ಯಾಟರಿ ಇಟ್ಟು ಜೋಡಿಸಿದರೆ ಏನೂ ಪ್ರೆಶರ್ ಇಲ್ಲದಿದ್ದರೂ ಮುಳ್ಳು ನೇರ ಕೊನೆಗೆ ಹೋಯಿತು. ಸೈಕಲ್ ಪಂಪಿನಲ್ಲಿ ಗಾಳಿ ಒತ್ತಿದರೆ ಕೆಳಗೆ ಇಳಿಯಿತು! ಉಲ್ಟಾ. ಕಾರಣ ಸರಳ. ನನ್ನದು ವಿಡಿಒ (ಜರ್ಮನ್ ಗೇಜ್ ಬ್ರ್ಯಾಂಡ್) ಮಾದರಿಯ ಸೆನ್ಸಾರ್, ಸೊನ್ನೆಯಲ್ಲಿ 10 ಓಂ, ಪೂರ್ತಿ ಪ್ರೆಶರ್‌ನಲ್ಲಿ 184 ಓಂ. ಅಮೆರಿಕನ್ ಗೇಜ್‌ಗಳು ಸೊನ್ನೆಗೆ 240, ಪೂರ್ತಿಗೆ 33 ಅಂತ ಕಾಯುತ್ತಿರುತ್ತವೆ. ಗೇಜ್ ಮತ್ತು ಸೆನ್ಸಾರ್ ಒಂದೇ ಜೋಡಿಯವು ಇರಬೇಕು. ಕೊಳ್ಳುವಾಗ ಡಬ್ಬದ ಮೇಲೆ ಓಂ ಲೆಕ್ಕ ಓದಿ, ಬರೆದಿಲ್ಲದಿದ್ದರೆ ಬಿಟ್ಟುಬಿಡಿ. 10-184ಕ್ಕೆ ಹೊಂದುವ 52 ಎಂಎಂ ಗೇಜ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 1,500ಕ್ಕೆ ಸಿಕ್ಕಿತು.

ಮುಂದಿನದು ಥ್ರೆಡ್. ಜಿಪ್ಸಿಯ ಎಂಜಿನ್ ಬ್ಲಾಕಿನಲ್ಲಿ ಆಯಿಲ್ ಸ್ವಿಚ್ (ಕೆಂಪು ದೀಪ ಹೊತ್ತಿಸುವುದು) ಕೂರುವ ತೂತು 1/8 ಬಿಎಸ್‌ಪಿಟಿ (ಬ್ರಿಟಿಷ್ ಪೈಪ್ ಥ್ರೆಡ್), ಇಂಚಿಗೆ 28 ಥ್ರೆಡ್. ನನ್ನ ಸೆನ್ಸಾರ್ 1/8 ಎನ್‌ಪಿಟಿ (ಅಮೆರಿಕನ್ ಪೈಪ್ ಥ್ರೆಡ್), ಇಂಚಿಗೆ 27. ಕಣ್ಣಿಗೆ ಎರಡೂ ಒಂದೇ. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿ. ಟೆಫ್ಲಾನ್ ಟೇಪ್ ಸುತ್ತಿ ಪಾನಾ ಹಾಕಿ ತಿರುಗಿಸಿದರೆ ಕೂರುತ್ತದೆ ಅಂತ ಅಂಗಡಿಯವರು ಹೇಳಿದರು. ಕೂರುತ್ತದೆ, ಬ್ಲಾಕಿನ ಥ್ರೆಡ್ ತಿಂದುಕೊಂಡು. ಥ್ರೆಡ್ ಗೇಜ್ ಹಿಡಿದು ನೋಡಿದ್ದರಿಂದ ಬಚಾವು.

ಕುಶಾಲನಗರದ ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ‘ಟಿ’ (ಮೂರು ಬಾಯಿಯ ಜೋಡಣೆ) ಮಾಡಿಸಿದೆ. ಬ್ಲಾಕಿಗೆ ಹೋಗುವ ಕಡೆ ಬಿಎಸ್‌ಪಿಟಿ, ಕಂಪನಿ ಸ್ವಿಚ್‌ಗೂ ಅದೇ, ಹೊಸ ಸೆನ್ಸಾರ್ ಕಡೆ ಎನ್‌ಪಿಟಿ. 250 ರೂಪಾಯಿ. ಕೆಂಪು ದೀಪ ಉಳಿಸಿಕೊಳ್ಳಿ, ಗೇಜ್ ಬಂತೆಂದು ಅದನ್ನು ತೆಗೆಯಬೇಡಿ. ಓಡಿಸುವಾಗ ಕಣ್ಣಿಗೆ ಮೊದಲು ಬೀಳುವುದು ದೀಪವೇ.

‘ಟಿ’ಯನ್ನು ನೇರ ಬ್ಲಾಕಿಗೆ ಹಾಕಿ ಅದರ ತುದಿಗೆ ಸೆನ್ಸಾರ್ ನೇತುಹಾಕಿದೆ. ಆ ಸೆನ್ಸಾರ್ ಒಂದು ಸಣ್ಣ ಡಬ್ಬದ ಹಾಗೆ, ಭಾರ. ಭಾಗಮಂಡಲ ಕಡೆಯ ಕೆಟ್ಟ ದಾರಿಯಲ್ಲಿ ಹೋಗಿಬಂದ ಮೇಲೆ ಫಿಲ್ಟರ್ ಹತ್ತಿರ ಆಯಿಲ್ ಒದ್ದೆ. ಒರೆಸಿ ಟಾರ್ಚ್ ಹಾಕಿ ನೋಡಿದರೆ ಹಿತ್ತಾಳೆಯ ಕುತ್ತಿಗೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ದಾರಿಯಲ್ಲೇ ಅದು ಮುರಿದಿದ್ದರೆ ಇಡೀ ಆಯಿಲ್ ರಸ್ತೆ ಮೇಲೆ. ಇಡೀ ಕೆಲಸದಲ್ಲಿ ನಿಜಕ್ಕೂ ಅಪಾಯದ್ದು ಅಂದರೆ ಇದೊಂದೇ. ಎಂಜಿನ್ ಮೇಲೆ ಭಾರದ ಸೆನ್ಸಾರನ್ನು ಹಿತ್ತಾಳೆ ಜೋಡಣೆಯಲ್ಲಿ ಯಾರೂ ನೇತುಹಾಕಬೇಡಿ, ಗಾಡಿ ಟಾರ್ ರಸ್ತೆಯಲ್ಲೇ ಓಡಿದರೂ.

ಸರಿಪಡಿಸಿದ್ದು ಹೀಗೆ. ಬ್ಲಾಕಿನಿಂದ ಒಂದು ಅಡಿ ಉದ್ದದ ಹೈಡ್ರಾಲಿಕ್ ಹೋಸ್, ಟ್ರ್ಯಾಕ್ಟರ್ ಹೋಸ್ ಮಾಡುವ ಅಂಗಡಿಯಲ್ಲಿ ಎರಡೂ ಕಡೆ ಫಿಟ್ಟಿಂಗ್ ಒತ್ತಿಸಿದ್ದು, 600. ಅದರ ಇನ್ನೊಂದು ತುದಿ ಫೆಂಡರ್ ಒಳಗಡೆ ಬ್ರಾಕೆಟ್ ಮೇಲೆ ಕೂತ ಹೊಸ ‘ಟಿ’ಗೆ. ಹಳೆಯದು ಬಿರುಕು ಬಿಟ್ಟಿದ್ದನ್ನು ತೋರಿಸಿದಾಗ ಲೇತ್ ಅಣ್ಣ ಎರಡನೆಯದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಈಗ ಎಂಜಿನ್ ಎಷ್ಟು ಅಲುಗಾಡಿದರೂ ಹೋಸ್ ಬಳುಕುತ್ತದೆ, ಅಷ್ಟೇ.

ಸ್ಟಾರ್ಟ್ ಮಾಡಿದರೆ ಮುಳ್ಳು 5 ದಾಟಿ ಕೊನೆಗೆ. ಮತ್ತೆ ಅರ್ತ್! ಸೆನ್ಸಾರಿಗೆ ಅರ್ತ್ ಸಿಗುವುದು ಅದರ ಮೈಯಿಂದ, ಬ್ಲಾಕಿನಲ್ಲಿ ಇದ್ದಾಗ ತಾನಾಗಿ ಸಿಗುತ್ತಿತ್ತು, ಈಗ ಪೇಂಟ್ ಹೊಡೆದ ಬ್ರಾಕೆಟ್ ಮೇಲಿದೆ. ‘ಟಿ’ಗೆ ಒಂದು ಕ್ಲಿಪ್ ಹಾಕಿ ಬೇರೆ ವೈರ್ ಎಳೆದ ಮೇಲೆ ಸರಿಯಾಯಿತು. ಟೆಫ್ಲಾನ್ ಟೇಪ್ ಹಾಕಿದರೆ ಅರ್ತ್ ಹೋಗುತ್ತದೋ ಇಲ್ಲವೋ ಅಂತ ಮಂಗಳೂರು ಮತ್ತು ಹಾಸನ ಇನ್ನೂ ಜಗಳ ಆಡುತ್ತಿವೆ. ನಾನು ಮಲ್ಟಿಮೀಟರ್ ಹಿಡಿದೆ. ಒಂದೂವರೆ ಸುತ್ತು ಟೇಪ್ ಇದ್ದಾಗಲೂ 0.2 ಓಂ, ಬಿಗಿ ಮಾಡುವಾಗ ಥ್ರೆಡ್ ಟೇಪನ್ನು ಕತ್ತರಿಸಿಕೊಂಡು ಹೋಗುತ್ತದೆ. ನಾಲ್ಕೈದು ಸುತ್ತು ಸುತ್ತಿದರೆ ಏನಾಗುತ್ತದೋ ಅದು ಬೇರೆ ವಿಷಯ. ಮೊದಲ ಥ್ರೆಡ್ ಮಾತ್ರ ಬಿಟ್ಟು ಸುತ್ತಿ, ಟೇಪಿನ ಚೂರು ಆಯಿಲ್ ದಾರಿಯೊಳಗೆ ಹೋಗಬಾರದು.

ಗೇಜ್ ತೋರಿಸುವ ಲೆಕ್ಕ, 20ಡಬ್ಲ್ಯು-50 ಆಯಿಲ್‌ನಲ್ಲಿ: ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದಾಗ 4.5 ಬಾರ್, ಬಿಸಿಯಾದ ಮೇಲೆ 3000 ಆರ್‌ಪಿಎಂನಲ್ಲಿ 3.4, ಐಡಲ್‌ನಲ್ಲಿ 1.1. ಘಾಟಿ ಹತ್ತಿ ಬಂದು ನಿಂತಾಗ ಐಡಲ್ 0.9ಕ್ಕೆ ಇಳಿಯುತ್ತದೆ. ಮೊದಲ ಸಲ ನೋಡಿದಾಗ ಎದೆ ಧಸಕ್ಕೆಂದಿತು. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ 0.7 ಬಾರ್ ಇದ್ದರೆ ಭಯ ಬೇಡ ಅನ್ನುವುದು ಹಳಬರ ಲೆಕ್ಕ. ನಂಬಿಕೆ ಸಾಲದೆ ಗ್ಯಾರೇಜಿನಿಂದ ಮೆಕ್ಯಾನಿಕಲ್ ಗೇಜ್ ಕೇಳಿ ತಂದು ಹೋಲಿಸಿದೆ. ನನ್ನದು 0.2 ಬಾರ್ ಕಡಿಮೆ ತೋರಿಸುತ್ತದೆ. ಇರಲಿ.

7. ವೋಲ್ಟ್ ಮೀಟರ್

750 ರೂಪಾಯಿ, ಅರ್ಧ ಗಂಟೆಯ ಕೆಲಸ. ಇಗ್ನಿಷನ್ ಲೈನಿನಿಂದ 2 ಆಂಪ್ ಫ್ಯೂಸ್ ಹಾಕಿ ವೈರ್, ಅರ್ತ್ ಹೊಸ ಪಾಯಿಂಟಿಗೆ. ಶುರುವಿಗೆ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ. ಓಡುವಾಗ 14.2, ಹೆಡ್‌ಲೈಟ್, ವೈಪರ್, ಹೀಟರ್ ಎಲ್ಲ ಹಾಕಿದರೆ 13.5. ಸಿಗರೇಟ್ ಲೈಟರಿಗೆ ಸಿಕ್ಕಿಸುವ ನೂರೈವತ್ತರ ಡಿಜಿಟಲ್ ಮೀಟರ್ ಕೂಡ ಇದೇ ಕೆಲಸ ಮಾಡುತ್ತದೆ. ಗೇಜ್ ಜೋಡಿ ಚೆನ್ನಾಗಿ ಕಾಣಲಿ ಅಂತ ಸುಮ್ನೆ ಖರ್ಚು ಮಾಡಿದ್ದು.

8. ಹಲಗೆ

ಎರಡು ಹೊಸ ಗೇಜ್ ಕೂರಿಸಲು ಪ್ಲಾಸ್ಟಿಕ್ ಪಾಡ್ ಬೇಡ ಅನಿಸಿತು. ಮನೆಯಲ್ಲಿ ಹಲಸಿನ ಹಲಗೆಯ ತುಂಡಿತ್ತು, 18 ಎಂಎಂ ದಪ್ಪ. 51 ಎಂಎಂ ಹೋಲ್ ಸಾ (180 ರೂಪಾಯಿ) ಹಾಕಿ ಎರಡು ತೂತು ಕೊರೆದು, ಅರದಿಂದ ಸ್ವಲ್ಪ ಸ್ವಲ್ಪ ಉಜ್ಜಿ 52 ಎಂಎಂ ಗೇಜ್‌ಗೆ ಬಿಗಿಯಾಗಿ ಕೂರುವ ಹಾಗೆ ಮಾಡಿದೆ. ಡ್ಯಾಶ್ ಕೆಳಗೆ ಎರಡು ಎಲ್ ಪಟ್ಟಿಯಲ್ಲಿ ನಿಲ್ಲಿಸಿದೆ. ಬೇಸಿಗೆಯಲ್ಲಿ ಬಹಳ ಅಂದವಾಗಿತ್ತು. ಜೂನ್ ಬಂತು, ಹಲಗೆ ನೀರು ಕುಡಿದು ಊದಿಕೊಂಡಿತು, ವೋಲ್ಟ್ ಮೀಟರಿನ ಬಲ್ಬ್ ಬದಲಿಸಲು ಹೊರಗೆ ಎಳೆದರೆ ಬರುವುದಿಲ್ಲ. ಹಿಂದಿನಿಂದ ತಟ್ಟಿ ತಟ್ಟಿ ತೆಗೆಯಬೇಕಾಯಿತು. ತೂತನ್ನು 53ಕ್ಕೆ ದೊಡ್ಡದು ಮಾಡಿ, ಒಳ ಅಂಚಿಗೂ ಸೇರಿ ಮೂರು ಕೋಟ್ ವಾರ್ನಿಶ್ ಹೊಡೆದು, ಸುತ್ತ ಸೈಕಲ್ ಟ್ಯೂಬಿನ ತೆಳು ರಬ್ಬರ್ ಕೊಟ್ಟೆ. ಒಳ ಅಂಚಿಗೆ ವಾರ್ನಿಶ್ ಹಚ್ಚುವುದನ್ನು ಎಲ್ಲರೂ ಮರೆಯುತ್ತಾರೆ, ನೀರು ಹೋಗುವುದು ಅಲ್ಲಿಂದಲೇ.

ಖರ್ಚು

ಗೇಜ್, ಸೆನ್ಸಾರ್, ವೋಲ್ಟ್ ಮೀಟರ್, ಥರ್ಮೋಸ್ಟಾಟ್, ರಾಡಿಂಗ್, ಕೂಲಂಟ್, ಹೋಸ್, ‘ಟಿ’, ಗನ್, ಹೋಲ್ ಸಾ, ಮೇಲೆ ವೈರ್, ಲಗ್, ಫ್ಯೂಸ್ 300 ಎಲ್ಲ ಸೇರಿ 8,100 ರೂಪಾಯಿ. ಇದರಲ್ಲಿ ನೀರಿಗೆ ಹಾಕಿದ್ದು ಆ 280ರ ಸೆನ್ಸಾರ್. ಥರ್ಮಾಮೀಟರ್ ಗನ್ ದುಬಾರಿ ಅನಿಸಿತ್ತು, ಈಗ ಅದನ್ನು ಕೇಳಿಕೊಂಡು ಬರುವವರೇ ಜಾಸ್ತಿ.

ಬಾಕಿ

ಎರಡೂ ಗೇಜಿಗೆ ಎಲ್‌ಇಡಿ ಬಲ್ಬ್ ಹಾಕಿದ್ದೇನೆ, ಅವು ಡಿಮ್ಮರ್‌ಗೆ ಬಗ್ಗುವುದಿಲ್ಲ. ರಾತ್ರಿ ಮಂಜಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಹಳೇ ಫಿಲಮೆಂಟ್ ಬಲ್ಬಿಗೆ ವಾಪಸ್ ಹೋಗಬೇಕು. ಫಿಲ್ಲರ್ ಮುಚ್ಚಳದ ಹಳದಿ ಕೆಸರು ಕಡಿಮೆಯಾಗಿದೆ, ಮುಂದಿನ ಆಯಿಲ್ ಬದಲಾವಣೆ ತನಕ ನೋಡುತ್ತೇನೆ. ದುಬೈ ಗೇಜ್ ಡಬ್ಬದಲ್ಲಿ ಹಾಗೇ ಇದೆ, 240-33 ಸೆನ್ಸಾರ್ ಯಾರ ಹತ್ತಿರವಾದರೂ ಸುಮ್ನೆ ಬಿದ್ದಿದ್ದರೆ ಹೇಳಿ, ಹಾಸನದವನ ಗಾಡಿಗೆ ಹಾಕಿಬಿಡೋಣ.